ಹನ್ನೆರಡು ಬಿಲ್ಲೆಗಳ ಪಟ್ಟಿ

ಗುರುವಾರ, ಮಾರ್ಚ್ ೧೯

ಪ್ರೀತಿಯ ದೊಡ್ಡಪ್ಪನಿಗೆ, ನಿಮ್ಮ ಗುಂಡುಕಲ್ಲಿನ ನಮಸ್ಕಾರಗಳು.

ತಲುಪಿದ ದಿನವೇ ಬರೆಯುತ್ತೇನೆ ಎಂದು ಹೇಳಿ ಹೊರಟವಳು ಹತ್ತು ದಿನ ಕಳೆದ ಮೇಲೆ ಕಾಗದ ಹಿಡಿದು ಕೂತಿದ್ದೇನೆ. ಬೈಯಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮದು ಮೂರೇ ಮಾತು: "ಊಟ ಆಯ್ತಾ? ಹುಷಾರು. ಇಡ್ತೀನಿ." ಇದು ಅಷ್ಟರಲ್ಲಿ ಮುಗಿಯುವ ಸಂಗತಿಯಲ್ಲ. ಆರೋಗ್ಯದ ವಿಷಯದಲ್ಲಿ ನೀವು ಇಟ್ಟ ಹೆಸರಿಗೆ ತಕ್ಕ ಹಾಗೆಯೇ ಇದ್ದೇನೆ. ದೊಡ್ಡಮ್ಮ ತುರುಕಿದ ಎರಡು ಸ್ವೆಟರ್‌ಗಳಲ್ಲಿ ಒಂದನ್ನು ಹಾಕಿಕೊಂಡಿದ್ದೇನೆ, ಇನ್ನೊಂದರ ಮೇಲೆ ಕೂತಿದ್ದೇನೆ. ಈ ಹಾಸ್ಟೆಲಿನ ಕುರ್ಚಿ ಅಷ್ಟು ತಣ್ಣಗಿದೆ.

ಭೂವಿಜ್ಞಾನಕ್ಕೆ ಸೀಟು ಕೊಟ್ಟಾದ ಮೇಲೆ ಕರೆಸಿ ತೋರಿಸುವುದೇನಿದೆ ಎಂದು ನೀವು ಕೇಳಿದ್ದಿರಲ್ಲ. ಬಾಡಿಗೆಗೆ ಮನೆ ತೋರಿಸುವ ಹಾಗೆಯೇ ಇದು. ನಲ್ಲಿ ತಿರುಗಿಸಿ ನೀರು ಬರುತ್ತದೆ ನೋಡಿ ಎನ್ನುತ್ತಾರೆ, ಸೋರುವ ಮೂಲೆಗೆ ತಾವೇ ಅಡ್ಡ ನಿಲ್ಲುತ್ತಾರೆ. ಎರಡೂ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕವರು ನಾವು ಏಳು ಜನ. ಕೊರಳಿಗೆ ಹೆಸರಿನ ಚೀಟಿ ನೇತುಹಾಕಿಕೊಂಡು, ಕೊಟ್ಟ ಚೀಲ ಹಿಡಿದುಕೊಂಡು, ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತಿದ್ದೇ ಹತ್ತಿದ್ದು.

ಮೊದಲನೆಯ ವಿಶ್ವವಿದ್ಯಾಲಯದಲ್ಲಿ ಎಲ್ಲ ಥಳಥಳ. ಅಲ್ಲಿನ ಪ್ರೊಫೆಸರ್ ಒಬ್ಬರು ಕಲ್ಲು ತೇಯುವ ಹೊಸ ಮಷೀನಿನ ಮುಂದೆ ನಮ್ಮನ್ನು ಮುಕ್ಕಾಲು ಗಂಟೆ ನಿಲ್ಲಿಸಿದರು. ಕಲ್ಲು ಇಟ್ಟು ಗುಂಡಿ ಒತ್ತಿದರೆ ಸಾಕಂತೆ, ಸೂಕ್ಷ್ಮದರ್ಶಕದಲ್ಲಿ ನೋಡುವಂಥ, ಕೂದಲಿಗಿಂತ ತೆಳ್ಳಗಿನ ಬಿಲ್ಲೆ ಗಾಜಿಗೆ ಅಂಟಿಕೊಂಡು ಹೊರಗೆ ಬರುತ್ತದಂತೆ. ಅವರು ಹೋದ ಮೇಲೆ ನಮ್ಮನ್ನು ಸುತ್ತಾಡಿಸುತ್ತಿದ್ದ ಎರಡನೇ ವರ್ಷದ ಹುಡುಗಿ ಕಿವಿಯಲ್ಲಿ ಹೇಳಿದಳು: "ಅದು ಕೆಟ್ಟು ನಾಲ್ಕು ತಿಂಗಳಾಯ್ತು ಕಣ್ರೀ. ಪ್ಲಗ್ ಹಾಕಿರೋದು ಲೈಟು ಉರೀಲಿ ಅಂತ." ಆದರೂ ಜಾಗ ಚೆನ್ನಾಗಿದೆ. ನನ್ನಿಂದ ಬಿಲ್ಲೆ ಕೇಳಿರಲಿಲ್ಲ, ಬರೀ ಅಂಕಪಟ್ಟಿ ನೋಡಿ ಸೀಟು ಕೊಟ್ಟವರು. ಹ್ಞೂಂ ಅಂದರೆ ಮುಗಿಯಿತು.

ಎರಡನೆಯದು ನಿಮಗೆ ಗೊತ್ತಲ್ಲ. "ಕೈಯಲ್ಲೇ ಕಲ್ಲು ತೇಯೋ ಕಡೆ ಸೇರು ಮಗಳೇ, ಅಲ್ಲಿಯವರು ಕಲ್ಲನ್ನ ಕಣ್ಣಲ್ಲಿ ನೋಡ್ತಾರೆ" ಎಂದು ನೀವೇ ಹೇಳಿದ್ದು. ನಾವು ಬಿಲ್ಲೆಗಳ ಪೆಟ್ಟಿಗೆ ಕಳಿಸಿದ್ದೂ ಅಲ್ಲಿಗೇ. ತೇಯುವ ಕೋಣೆಯ ಬಾಗಿಲು ತೆರೆದಾಗ ನಿಂತಲ್ಲೇ ನಿಂತುಬಿಟ್ಟೆ. ಅದೇ ಹಸಿ ಕಲ್ಲಿನ ವಾಸನೆ, ಸಿಂಕಿನ ತಳದಲ್ಲಿ ಅದೇ ಬೂದುಬಣ್ಣದ ಕೆಸರು. ಮೂವತ್ತೊಂದು ವರ್ಷದಿಂದ ನೀವು ಕಾಲೇಜಿನಲ್ಲಿ ಕಲ್ಲು ತೇಯುತ್ತಿರುವ ಕೋಣೆಯನ್ನೇ ಎತ್ತಿ ತಂದು ಇಟ್ಟಂತಿತ್ತು. ಮೂಲೆಯ ಸ್ಟೂಲಿಗೂ ಒಂದು ಕಾಲು ಗಿಡ್ಡ.

ಅಲ್ಲಿನ ಮೇಲ್ವಿಚಾರಕಿ ಐವತ್ತು ದಾಟಿದ ಹೆಂಗಸು, ಮುಖದಲ್ಲಿ ನಗುವಿಲ್ಲ. ನನ್ನ ಕೊರಳಿನ ಚೀಟಿ ಓದಿದವರೇ ಕೈ ಒರೆಸಿಕೊಂಡು ಎದ್ದು ಬಂದರು.

"ನೀವೇನಾ ಅದು? ಹನ್ನೆರಡು ಬಿಲ್ಲೆ, ಹನ್ನೆರಡೂ ಒಂದೇ ದಪ್ಪ. ಇಲ್ಲಿ ಐದು ವರ್ಷ ತೇದವರ ಕೈಗೂ ಅದು ಬರಲ್ಲ. ಒಂದು ತೇದು ತೋರಿಸಿ, ಇವರೂ ಕಲೀಲಿ."

ದೊಡ್ಡಪ್ಪ, ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಆರು ಜನ ನೋಡುತ್ತಿದ್ದರು. ಚಿಕ್ಕಂದಿನಿಂದ ನಿಮ್ಮ ಪಕ್ಕ ಕೂತು ನೋಡಿದ್ದೇನಲ್ಲ, ಅದೇ ಧೈರ್ಯದ ಮೇಲೆ ಗಾಜಿನ ಹಲಗೆಗೆ ತೇಯುವ ಪುಡಿ ಉದುರಿಸಿ, ನೀರು ಚಿಮುಕಿಸಿ, ಕಲ್ಲು ಅಂಟಿಸಿದ ಗಾಜುಪಟ್ಟಿಯನ್ನು ನಿಮ್ಮ ಹಾಗೆಯೇ ಎಂಟರ ಅಂಕಿ ಬರೆದಂತೆ ಆಡಿಸಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಳದಿ ಬಣ್ಣ ಹೋಗಿ ಬೂದು ಬಂದ ಕೂಡಲೇ ನಿಲ್ಲಿಸಬೇಕು ಎಂಬುದು ಬಾಯಿಪಾಠವಾಗಿತ್ತು. ಆದರೆ ಬಣ್ಣ ಬದಲಾಗುವ ಮೊದಲೇ ಸದ್ದು ಬದಲಾಗುತ್ತದೆ ಎನ್ನುತ್ತೀರಲ್ಲ, ಆ ಸದ್ದು ನನಗೆ ಕೇಳಿಸಲೇ ಇಲ್ಲ. ಎತ್ತಿ ನೋಡಿದರೆ ಕಲ್ಲೇ ಇಲ್ಲ! ಎಲ್ಲ ತೇದು ಹೋಗಿ ಬರೀ ಗಾಜು ಉಳಿದಿತ್ತು.

"ಹಲಗೆ ಹೊಸದು, ಕೈಗೆ ಹೊಂದಲಿಲ್ಲ" ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ.

ಆಕೆ ಉಳಿದವರನ್ನು ಊಟಕ್ಕೆ ಕಳಿಸಿ, ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ಪಕ್ಕದಲ್ಲಿಟ್ಟರು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ನಿಮ್ಮ ಹೆಬ್ಬೆರಳನ್ನು ಹಾಜರಿ ಮಷೀನು ಹಿಡಿಯದೆ, ನೀವು ದಿನಾ ಬೆಳಿಗ್ಗೆ ಅದರ ಮುಂದೆ ನಿಂತು "ನಾನೇ ಕಣಪ್ಪ, ನಾನೇ" ಎನ್ನುತ್ತೀರಲ್ಲ, ಅಂಥದ್ದೇ ಹೆಬ್ಬೆರಳು.

"ಆ ಬಿಲ್ಲೆ ತೇದದ್ದು ಯಾರ ಕೈ?" ಎಂದರು.

"ನಮ್ಮ ದೊಡ್ಡಪ್ಪಂದು" ಎಂದೆ. ಹೇಳಿದ ಮೇಲೆ ಅಳು ಬಂತು, ಅತ್ತುಬಿಟ್ಟೆ. ಆಕೆ ತಡೆಯಲಿಲ್ಲ, ಒಂದು ಹಳೇ ಟವೆಲ್ ಕೊಟ್ಟರು. ಮುಖ ಒರೆಸಿಕೊಂಡಿದ್ದಕ್ಕೆ ಕೆನ್ನೆಯೆಲ್ಲ ಬೂದುಬಣ್ಣವಾಯಿತು.

ಅಲ್ಲಿಂದ ನೇರ ಮುಖ್ಯಸ್ಥರ ಕೋಣೆಗೆ ಕರೆದೊಯ್ದರು. ಮುಖ್ಯಸ್ಥರು ಫೈಲು ತೆಗೆದು, ಬಿಲ್ಲೆಗಳ ಜೊತೆ ಕಳಿಸಿದ್ದ ನಮ್ಮ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು. 'ಸಿದ್ಧಪಡಿಸಿದವರು' ಎಂಬ ಕೊನೆಯ ಅಂಕಣದಲ್ಲಿ ಹನ್ನೆರಡು ಸಾಲಿಗೂ ನನ್ನ ಹೆಸರೇ ಇತ್ತು. ನಾನು ಅದನ್ನು ತುಂಬ ಹೊತ್ತು ನೋಡುತ್ತ ನಿಂತೆ.

ಮುಖ್ಯಸ್ಥರು ಕೂಗಾಡಲಿಲ್ಲ. "ಬಿಲ್ಲೆ ನೋಡಿ ಬರೆದ ವರದಿ ಯಾರದು?" ಎಂದು ಕೇಳಿದರು. ಅದು ನನ್ನದೇ ಎಂದೆ. ಮೂರು ಪ್ರಶ್ನೆ ಕೇಳಿದರು, ಮೂರಕ್ಕೂ ಉತ್ತರ ಹೇಳಿದೆ. "ಸರಿ. ಆದ್ರೆ ಪಟ್ಟಿ ಸುಳ್ಳಾಯ್ತಲ್ಲಮ್ಮ. ಸರಿಯಾದ್ದು ಬರೆದು, ತೇದವರ ಸಹಿ ಹಾಕಿಸಿ ಕಳಿಸು. ಸಮಿತಿ ಇನ್ನೊಮ್ಮೆ ಕೂರತ್ತೆ. ಸೀಟು ಉಳಿಯತ್ತೆ ಅಂತ ನಾನೀಗ ಹೇಳಲಾರೆ" ಎಂದರು. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು, ಒಪ್ಪಿಕೊಂಡು ಬಂದೆ.

ಮೊದಲನೆಯ ಕಡೆ ಸೇರಿಬಿಟ್ಟರೆ ಈ ತಲೆನೋವೇ ಇಲ್ಲ, ನಿಜ. ಅಲ್ಲಿಗೆ ನಾಳೆಯೊಳಗೆ ಉತ್ತರ ಕೊಡಬೇಕಿತ್ತು. ಇವತ್ತು ಬೆಳಿಗ್ಗೆಯೇ ಬೇಡವೆಂದು ಬರೆದು ಕಳಿಸಿದೆ. ಕೈಯಲ್ಲಿದ್ದದ್ದನ್ನು ಬಿಟ್ಟೆ ಎಂದು ದೊಡ್ಡಮ್ಮ ಬೈಯುತ್ತಾರೆ, ನೀವು ಸಮಾಧಾನ ಮಾಡಿ. ಆ ಕೋಣೆಯಲ್ಲಿ ಕೂತು ಆ ಸದ್ದು ಕೇಳಿಸಿಕೊಳ್ಳುವುದನ್ನು ಕಲಿಯಬೇಕು ನನಗೆ. ಇಪ್ಪತ್ತು ವರ್ಷ ನಿಮ್ಮ ಮನೆಯಲ್ಲೇ ಬೆಳೆದು ಕಲಿಯಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ.

ಹೊರಟು ಬರುವಾಗ ಮೇಲ್ವಿಚಾರಕಿ ಗೇಟಿನವರೆಗೂ ಬಂದರು. "ನಿಮ್ಮ ದೊಡ್ಡಪ್ಪನ್ನ ಒಂದೇ ಒಂದು ಮಾತು ಕೇಳಿ. ಕೊನೇಲಿ ಒತ್ತೋದು ಹೆಬ್ಬೆರಳಲ್ಲೋ, ಮಧ್ಯದ ಬೆರಳಲ್ಲೋ?" ಎಂದರು. ಉತ್ತರವನ್ನು ಪಟ್ಟಿಯ ಜೊತೆಗೇ ಬರೆದು ಕಳಿಸಿ, ಆಕೆ ಕಾಯುತ್ತಿದ್ದಾರೆ.

ಹೊಸ ಪಟ್ಟಿ ಇದರೊಳಗಿದೆ. "ನನ್ನ ಹೆಸರು ಯಾಕೆ ಬೇಕಿತ್ತು" ಎಂದು ತೆಗೆದಿಟ್ಟುಬಿಡಬೇಡಿ. ನಿಮ್ಮ ಸಹಿ ಬರದಿದ್ದರೆ ಸಮಿತಿ ಕೂರುವುದೂ ಇಲ್ಲ, ನಾನು ಎರಡು ಸ್ವೆಟರ್ ಸಮೇತ ಮನೆಗೆ ವಾಪಸು.

ದೊಡ್ಡಮ್ಮನ ಮಂಡಿನೋವು ಹೇಗಿದೆ, ಬರೆಯಿರಿ. ನಿಮ್ಮಿಬ್ಬರ ಕಾಲಿಗೆರಗಿ ಕೇಳುತ್ತೇನೆ, ನಾನು ಆ ಕೋಣೆಯಲ್ಲೇ ನಿಲ್ಲುವ ಹಾಗೆ ಹರಸಿ.

ಇತಿ ನಿಮ್ಮ,
ಗುಂಡುಕಲ್ಲು

ತಾ.ಕ.: ಮೊದಲ ಪಟ್ಟಿಯ ಆ ಅಂಕಣವನ್ನು ನಾನು ಖಾಲಿ ಬಿಟ್ಟಿದ್ದೆ, ದೊಡ್ಡಪ್ಪ. ಮರೆತು ಬಿಟ್ಟದ್ದಲ್ಲ. ಲ್ಯಾಬ್ ಅಟೆಂಡರ್ ಹೆಸರು ಬರೆದರೆ ಏನಂದುಕೊಳ್ಳುತ್ತಾರೋ ಎಂದು ನಿಮ್ಮ ಹೆಸರು ಬರೆಯಲಿಲ್ಲ. ನನ್ನದನ್ನು ಬರೆಯಲು ಕೈ ಬರಲಿಲ್ಲ. ಹಾಗೇ ನಿಮ್ಮ ಕೈಗೆ ಕೊಟ್ಟು "ಪ್ಯಾಕ್ ಮಾಡಿಬಿಡಿ" ಎಂದೆ. ಮುಖ್ಯಸ್ಥರ ಮೇಜಿನ ಮೇಲೆ ನಾನು ನೋಡಿದ್ದು ನಿಮ್ಮ ದುಂಡನೆಯ ಅಕ್ಷರ. ಹನ್ನೆರಡು ಸಲ ನನ್ನ ಹೆಸರು. ಕೊನೆಯ ಸಾಲಿನ ಪಕ್ಕ ಶಾಯಿ ತಾಗಿ ಒಂದು ಹೆಬ್ಬೆರಳಿನ ಗುರುತು ಬಿದ್ದಿತ್ತು, ಒಂದೂ ಗೆರೆಯಿಲ್ಲದ್ದು. ನಾನು ಯಾಕೆ ಖಾಲಿ ಬಿಟ್ಟೆ ಎಂಬುದು ಅವತ್ತೇ ನಿಮಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಪೆಟ್ಟಿಗೆಗೆ ದಾರ ಕಟ್ಟಿ, ಒಳಗೆ ಬಂದು, "ಊಟ ಆಯ್ತಾ?" ಎಂದು ಕೇಳಿದಿರಿ. ಈ ಸಲ ಅಂಕಣ ನಾನೇ ತುಂಬಿದ್ದೇನೆ, ಹನ್ನೆರಡು ಸಾಲನ್ನೂ. ನೀವು ಸಹಿ ಹಾಕಿ.