ಬೋಧಿಮರದ ಕೆಳಗೆ ಇಡದ ಪಿಂಡ

ತಂಗಿ ಯಮುನಾ,

ಇವತ್ತು ಬೆಳಿಗ್ಗೆ ಗಯೆಯಿಂದ ಬಂದು ಬೈಯಪ್ಪನಹಳ್ಳಿಯಲ್ಲಿ ರೈಲು ಇಳಿದೆವು. ನೀನು ತೀರಿಕೊಂಡು ವರ್ಷವಾಯಿತು, ಈ ಪತ್ರ ಯಾವ ವಿಳಾಸಕ್ಕೂ ಹೋಗುವುದಿಲ್ಲ. ಆದರೂ ಈ ವಿಷಯ ನಿನಗೇ ಹೇಳಬೇಕು.

ನಿನ್ನ ಭಾವನವರಿಗೆ ವಿಷ್ಣುಪಾದದಲ್ಲಿ ಪಿಂಡ ಇಟ್ಟ ಮೇಲೆ ಪುರೋಹಿತರು ನಮ್ಮನ್ನು ಬೋಧಗಯೆಗೆ ಕರೆದೊಯ್ದರು. ನಿನ್ನ ಬುದ್ಧನ ಮರದ ಆವರಣದಲ್ಲೂ ನಮ್ಮವರು ಹಿಂದಿನಿಂದಲೂ ಪಿಂಡ ಇಡುತ್ತಾರಂತೆ! ಒಂದು ಕಡೆ ನಮ್ಮ ಎಳ್ಳುನೀರು, ಇನ್ನೊಂದು ಕಡೆ ಬಿಳಿ ಬಟ್ಟೆಯವರ ಧ್ಯಾನ. ಯಾರೂ ಯಾರನ್ನೂ ಎಬ್ಬಿಸಲಿಲ್ಲ. ಇದು ನಿನಗೆ ಗೊತ್ತಿತ್ತೆ? ಗೊತ್ತಿದ್ದರೆ, ನೀನು ಬುದ್ಧನ ದಾರಿ ಹಿಡಿದೆಯೆಂದು ನಾನು ಮಾತು ಬಿಟ್ಟಾಗ ಯಾಕೆ ಹೇಳಲಿಲ್ಲ?

ಗಯೆಯಲ್ಲಿ ಯಾರ ಹೆಸರಿಗಾದರೂ ಪಿಂಡ ಇಡಬಹುದು ಎಂದರು ಪುರೋಹಿತರು. ನನ್ನ ಮಗ ನಿತೀಶ್ ತಿರುಗಿ ನೋಡಿದ.

"ಅಮ್ಮಾ, ಚಿಕ್ಕಮ್ಮಂಗೂ ಒಂದು ಇಟ್ಬಿಡ್ಲಾ?"

"ಬೇಡ. ಅವಳಿಗೆ ಇದೆಲ್ಲ ಇಷ್ಟ ಇರ್ಲಿಲ್ಲ."

"ಬೇರೆಯವ್ರ ಇಷ್ಟ ಯಾವಾಗಿಂದ ಕೇಳೋಕೆ ಶುರು ಮಾಡಿದ್ರಿ, ಅತ್ತೆ?" ಎಂದಳು ಸೊಸೆ ಧನಲಕ್ಷ್ಮಿ.

ಮಗ ಸೊಸೆ ಆಟೋ ಹಿಡಿಯಲು ಹೋದರು. ನಾನು ಬಿಳಿ ಬಟ್ಟೆಯವರ ಸಾಲಿನ ಕೊನೆಯಲ್ಲಿ ಕೂತೆ. ಪಕ್ಕದವಳು ಸ್ವಲ್ಪ ಸರಿದು ಜಾಗ ಕೊಟ್ಟಳು. ಅವಳಂತೆ ನಾನೂ ಕಣ್ಣು ಮುಚ್ಚಿದೆ. ದೇವರ ಮುಂದೆ ಕೂತರೆ ಏನಾದರೂ ಬೇಡಿಕೊಳ್ಳುವುದು ನನಗೆ ಗೊತ್ತು. ಅಲ್ಲಿ ಏನನ್ನೂ ಬೇಡಬಾರದಂತೆ. ಹಾಗಾದರೆ ನೀನು ವರ್ಷ ವರ್ಷವೂ ಹೋಗಿ ಅಲ್ಲಿ ಕೂತು ಏನು ಮಾಡುತ್ತಿದ್ದೆ, ಯಮುನಾ? ನಿನ್ನನ್ನಲ್ಲದೆ ಇದನ್ನು ಯಾರನ್ನು ಕೇಳಲೂ ನನಗೆ ಮನಸ್ಸಿಲ್ಲ.

ನಿನ್ನ ಅಕ್ಕ,
ಪಿಳ್ಳಮ್ಮ