ನಾಲ್ಕು ಪ್ಲೇಟುಗಳ ಮೇಲಿನ ಭಾರ

ಭಾವನವರಿಗೆ,

ಎದುರು ಕೂತು ಹೇಳಬೇಕಾದದ್ದನ್ನು ಬರೆಯುತ್ತಿದ್ದೇನೆ. ಹೇಳಲು ಹೊರಟರೆ ನೀವು ಅರ್ಧಕ್ಕೇ ತಡೆದು "ಬಿಡಪ್ಪ" ಅನ್ನುತ್ತೀರಿ. ನಾನು ಬಿಟ್ಟೂ ಬಿಡುತ್ತೇನೆ. ನನ್ನ ಬಗ್ಗೆ ಅಷ್ಟು ನನಗೆ ಗೊತ್ತು.

ನಮ್ಮ ಶೆಡ್ಡಿನಲ್ಲಿ ಮಾಡಿದ ಆ ನೀರಿನ ಟ್ಯಾಂಕಿನ ಸ್ಟ್ಯಾಂಡಿನ ವಿಷಯ. ಬೆಸುಗೆ ನಿಮ್ಮದು, ಲೆಕ್ಕ ನನ್ನದು. ಹತ್ತು ತಿಂಗಳ ಹಿಂದೆ, ಮೊದಲ ಸಲ ನೀರು ತುಂಬಿಸಿದ ದಿನ, ಅದರ ಒಂದು ಮೂಲೆ ಕುಸಿದು ಟ್ಯಾಂಕು ವಾಲಿತು. ಯಾರಿಗೂ ಪೆಟ್ಟಾಗಲಿಲ್ಲ. ಕುಸಿದ ಮೂಲೆಯಲ್ಲಿ ನಿಮ್ಮ ಬೆಸುಗೆ ಹರಿದಿತ್ತು. ಎಲ್ಲರಿಗೂ ಕಂಡದ್ದು ಅದೊಂದೇ.

ನನ್ನ ಕೆಲಸವನ್ನು ನೀವು ಒಮ್ಮೆ ಕುರ್ಚಿಯ ಹಿಂದೆ ನಿಂತು ನೋಡಿದ್ದಿರಿ. ಕಬ್ಬಿಣ ಕತ್ತರಿಸುವ ಮೊದಲೇ ಕಂಪ್ಯೂಟರಿನಲ್ಲಿ ಸ್ಟ್ಯಾಂಡು ಕಟ್ಟಿ, ಭಾರ ಹೇರಿ, ಎಲ್ಲಿ ಬಗ್ಗೀತು ಎಂದು ನೋಡುವುದು. ಭಾರವನ್ನು ಒಂದು ಚುಕ್ಕೆಯ ಮೇಲೆ ಇಡುವುದಿಲ್ಲ, ಇಡೀ ಮೇಲ್ಮೈಗೆ ಹರಡುತ್ತೇವೆ ಎಂದೆ. "ಹಾಸಿಗೆ ಹಾಸಿದ ಹಾಗೆ ಅನ್ನು. ಸುಕ್ಕು ಉಳೀದಿದ್ರೆ ಸಾಕು," ಅಂದಿರಿ. ಗಟ್ಟಿಯಿದ್ದಲ್ಲಿ ನೀಲಿ, ಸೋಲುವಲ್ಲಿ ಕೆಂಪು ಬರುವುದನ್ನು ಕಂಡು 'ಬಣ್ಣದ ಮೇಷ್ಟ್ರು' ಎಂದು ನನಗೆ ಹೆಸರಿಟ್ಟವರೂ ನೀವೇ.

ನೀರು ತುಂಬಿದ ಟ್ಯಾಂಕು ಎಂಟು ಟನ್ನು. ಸ್ಟ್ಯಾಂಡಿನ ಮೇಲೆ ಅದು ಕೂರುವ ಕಬ್ಬಿಣದ ಪ್ಲೇಟುಗಳು ನಾಲ್ಕು. ಒಂದೊಂದಕ್ಕೆ ಎರಡು ಟನ್ನು. ಕಂಪ್ಯೂಟರಿನಲ್ಲಿ ನಾಲ್ಕನ್ನೂ ಒಟ್ಟಿಗೆ ಆರಿಸಿ ಎರಡು ಟನ್ನೆಂದು ಬರೆದೆ. ಕೆಳಗೆ ಒಂದು ಸಣ್ಣ ಆಯ್ಕೆ ಇರುತ್ತದೆ: ಬರೆದ ಭಾರ ಪ್ರತಿಯೊಂದಕ್ಕೋ, ಎಲ್ಲಕ್ಕೂ ಸೇರಿಯೋ. ಹಿಂದಿನ ಕೆಲಸದಿಂದ ಅದು 'ಎಲ್ಲಕ್ಕೂ ಸೇರಿ' ಎಂದೇ ಉಳಿದಿತ್ತು. ಕಂಪ್ಯೂಟರು ನನ್ನ ಎರಡು ಟನ್ನನ್ನು ನಾಲ್ಕು ಪಾಲು ಮಾಡಿ ಅರ್ಧರ್ಧ ಟನ್ನು ಹಂಚಿತು. ಚಿತ್ರ ಪೂರ್ತಿ ನೀಲಿ ಬಂತು. ಕಾಲುಗಳು ಒಟ್ಟು ಎಷ್ಟು ಹೊತ್ತವೆಂದು ಕೊನೆಗೆ ಒಂದು ಸಾಲು ಬರುತ್ತದೆ; ಅದನ್ನು ನೋಡದೆ ಸಹಿ ಹಾಕಬಾರದೆಂದು ಹೊಸಬರಿಗೆ ಪಾಠ ಹೇಳುವವನು ನಾನು. ನಾನು ನೋಡಲಿಲ್ಲ. ನೀಲಿ ಸಾಕೆನಿಸಿತ್ತು.

ಟ್ಯಾಂಕು ವಾಲಿದ್ದಕ್ಕೆ ಮ್ಯಾನೇಜರು ಕರೆದ ವಿಚಾರಣೆಯ ದಿನ ಬೆಳಿಗ್ಗೆ ಫೈಲು ತೆರೆದು ಆ ಸಾಲು ನೋಡಿದೆ. ಎಂಟು ಇರಬೇಕಾದಲ್ಲಿ ಎರಡು. ಇದನ್ನು ತಿಳಿದೇ ವಿಚಾರಣೆಯ ಕೋಣೆಗೆ ಬಂದೆ. ಈ ಮಾತನ್ನು ದಯವಿಟ್ಟು ಎರಡು ಸಲ ಓದಿ.

ಹರಿದ ತುಂಡು ಮ್ಯಾನೇಜರ ಮುಂದೆ ಮೇಜಿನ ಮೇಲಿತ್ತು. ನೀವು ಅದರ ಅಂಚಿಗೆ ಬೆರಳಾಡಿಸಿ, "ಬೆಸುಗೆ ತಾನಾಗಿ ಬಿಟ್ಟಿಲ್ಲ ಸಾರ್. ಪ್ಲೇಟು ಮೊದ್ಲು ಬಗ್ಗಿದೆ, ಬಗ್ಗಿ ಇದನ್ನ ಎಳ್ಕೊಂಡು ಹೋಗಿದೆ," ಅಂದಿರಿ. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಹೇಳಪ್ಪ, ಕಂಪ್ಯೂಟರಲ್ಲಿ ನೋಡಿದೀಯಲ್ಲ." ನಿಮ್ಮ ಬೆರಳು ಕಂಡುಕೊಂಡದ್ದು ನಿಜವಾಗಿತ್ತು. ನಾನು, "ಲೆಕ್ಕ ಸರಿಯಾಗೇ ಇದೆ," ಅಂದೆ. ದನಿ ನಡುಗಲೂ ಇಲ್ಲ.

ನಿಮ್ಮನ್ನು ಬೆಸುಗೆಯಿಂದ ತೆಗೆದು, ಬೇರೆಯವರ ಬೆಸುಗೆಯನ್ನು ಉಜ್ಜಿ ನಯ ಮಾಡುವ ಕೆಲಸಕ್ಕೆ ಹಾಕಿದರು. ಆ ಭಾನುವಾರ ನಿಮ್ಮ ಅಡುಗೆಮನೆಯಲ್ಲಿ ಅಕ್ಕ ಕೇಳಿದಳು: "ಇವರ ಕೈ ನಿಜವಾಗ್ಲೂ ತಪ್ತೇನೋ?" "ವಯಸ್ಸಾಯ್ತಲ್ಲಕ್ಕ, ಒಂದ್ಸಲ ಕಣ್ಣು ತೋರಿಸ್ಲಿ," ಅಂದೆ. ಮುಂದಿನ ವಾರ ನೀವು ಕನ್ನಡಕ ಹಾಕಿಕೊಂಡು ಬಂದಿರಿ. "ನೀನು ಹೇಳಿದ್ದು ಒಳ್ಳೇದಾಯ್ತು ಕಣಯ್ಯ, ನಂಗೇ ಗೊತ್ತಾಗಿರ್ಲಿಲ್ಲ," ಎಂದು ನನ್ನ ಹೆಗಲು ತಟ್ಟಿದಿರಿ. ಆ ಜಾಗ ಈಗಲೂ ನನಗೆ ಬೇರೆಯಾಗಿ ತಿಳಿಯುತ್ತದೆ.

ಅದನ್ನೂ ಹೊತ್ತುಕೊಂಡು ತಿರುಗುತ್ತಿದ್ದೆ. ಹೋದ ವಾರ ನಿಮ್ಮ ಗೇಟಿನ ಕೀಲು ಮುರಿದಾಗ ಹೊರಗಿನವನನ್ನು ಕರೆಸಿ ಬೆಸುಗೆ ಹಾಕಿಸಿದಿರೆಂದು ಅಕ್ಕ ಫೋನಿನಲ್ಲಿ ಹೇಳಿದಳು. "ಮನೇದೇ ಮುಟ್ಟೋಕೆ ಹೆದರ್ತಾರೆ ಕಣೋ," ಅಂದಳು. ಮೂವತ್ತು ವರ್ಷ ನಂಬಿದ್ದ ಕೈಯನ್ನು ನನ್ನ ಮಾತು ಕೇಳಿ ನೀವು ನಂಬುವುದು ಬಿಟ್ಟಿದ್ದೀರಿ.

ಇವತ್ತು ಮಧ್ಯಾಹ್ನ ಆ ಫೈಲನ್ನೂ ತಪ್ಪು ನನ್ನದೆಂಬ ಹೇಳಿಕೆಯನ್ನೂ ಮ್ಯಾನೇಜರಿಗೆ ಕೊಟ್ಟೆ. "ಇಷ್ಟು ದಿನ ಎಲ್ಲಿದ್ರಿ?" ಅಂದರು. ನಾಡಿದ್ದು ಹತ್ತು ಗಂಟೆಗೆ ಶೆಡ್ಡಿನಲ್ಲಿ ಎಲ್ಲರ ಮುಂದೆ ಅದನ್ನು ಓದುತ್ತೇನೆ. ಆಮೇಲೆ ನನ್ನನ್ನು ಇಟ್ಟುಕೊಳ್ಳುವುದು, ಬಿಡುವುದು ಅವರದು. ನೀವು ಬನ್ನಿ. ನನ್ನ ಪಕ್ಕ ನಿಲ್ಲಬೇಡಿ, ಬೆಸುಗೆಯವರ ಜೊತೆ ನಿಲ್ಲಿ. ಸಂಜೆ ಅಕ್ಕನಿಗೂ ನಾನೇ ಬಂದು ಹೇಳುತ್ತೇನೆ. ಅವಳು ಬಾಗಿಲು ಹಾಕಿಕೊಂಡರೆ ನೀವು ತೆರೆಯಲು ಹೋಗಬೇಡಿ.

ಹರಸುವ ವಯಸ್ಸೂ ನನ್ನದಲ್ಲ, ಯೋಗ್ಯತೆಯೂ ಇಲ್ಲ. ಆದರೂ ನಿಮ್ಮ ಕೈಗೆ ಒಳ್ಳೆಯದಾಗಲಿ.

ಇಂತಿ,
ನಿಮ್ಮ ಹೆಂಡತಿಯ ತಮ್ಮ