ಬಾಗಿಲಿಲ್ಲದ ಎರಡು ಗಾಡಿಗಳು

ಅಣ್ಣಾ,

ನಲವತ್ತೆರಡು ವರ್ಷಗಳ ಹಿಂದೆ, ನಿನ್ನ ರೇಸು ಕಾರು ಹೊತ್ತಿ ಉರಿದ ಮರುದಿನ, ರೇಸು ನಡೆಸಿದ ಕ್ಲಬ್ಬಿನವರು ವರದಿಯಲ್ಲಿ ಸುಳ್ಳು ಬರೆದರು: ‘ಚಾಲಕ ಗಾಬರಿಗೊಂಡು ಹೊರಗೆ ಬರಲಿಲ್ಲ.’ ಕೆಳಗೆ ಸಾಕ್ಷಿಯ ಸಹಿ ನನ್ನದು.

ನೀನು ಓದಲಾರೆ, ಆದರೂ ಬರೆಯುತ್ತಿದ್ದೇನೆ. ನಿನ್ನೆ ಅದೇ ಕ್ಲಬ್ಬಿನ ಪ್ರದರ್ಶನಕ್ಕೆ ಹೋಗಿದ್ದೆ. ನಿನ್ನ ಕಾರಿನ ಮಾದರಿಯದೇ ಇನ್ನೊಂದು ಕಾರು ಅಲ್ಲಿತ್ತು, ಪಕ್ಕದಲ್ಲಿ ಗುಡ್ಡ ಹತ್ತುವ ಪುಟ್ಟ ಜೀಪು. ಎರಡಕ್ಕೂ ಬಾಗಿಲಿಲ್ಲ. ಜೀಪಿನಿಂದ ಕಾಲು ಚಾಚಿ ಸಲೀಸಾಗಿ ಇಳಿದೆ. ಕಾರಿನೊಳಗೆ ಕೂತಾಗ ಮೆಕ್ಯಾನಿಕ್ ಬಿಚ್ಚಿಟ್ಟಿದ್ದ ಸ್ಟೀರಿಂಗ್ ಚಕ್ರವನ್ನು ನನ್ನ ತೊಡೆಯ ಮೇಲೆ ಕೂರಿಸಿ ನಟ್ಟು ಬಿಗಿದ. ಅಲ್ಲಾಡಲಾಗಲಿಲ್ಲ.

“ಸಾಕು, ತೆಗಿಯಪ್ಪಾ.”

“ಇಷ್ಟು ಬೇಗ ರೇಸು ಗೆದ್ದುಬಿಟ್ರಾ, ಯಜಮಾನ್ರೇ? ತಾಳಿ, ಸ್ಪ್ಯಾನರ್ ಎಲ್ಲಿಟ್ಟೆನೋ! ಒಳಗಿಂದ ನೀವು ತಿಪ್ಪರಲಾಗ ಹಾಕಿದ್ರೂ ಇದು ಬಿಚ್ಚಲ್ಲ.”

ಅವನು ಸ್ಪ್ಯಾನರ್ ಹುಡುಕಿ ತರಲು ಏಳು ನಿಮಿಷವಾಯಿತು. ಬೆಂಕಿಯೇನೂ ಇರಲಿಲ್ಲ, ಆದರೂ ನನ್ನ ಅಂಗಿ ಬೆವರಿನಿಂದ ತೊಯ್ದುಹೋಯಿತು. ಆ ದಿನ ಉರಿಯುವ ಕಾರಿನೊಳಗಿಂದ ನೀನು ಕೈಬೀಸಿದ್ದನ್ನು ಬೇಲಿಯಾಚೆಯಿಂದ ನಾನು ಕಂಡಿದ್ದೆ. ಏನು ಕೇಳುತ್ತಿದ್ದೆಯೆಂದು ನಿನ್ನೆ ತಿಳಿಯಿತು.

ಸ್ಪ್ಯಾನರ್ ಹಿಡಿದು ಟ್ರ್ಯಾಕಿನ ಬದಿಯಲ್ಲಿ ನಿಲ್ಲಬೇಕಾದವನು ಅಂದು ಎಲ್ಲಿದ್ದ? ಕ್ಲಬ್ಬಿನವರು ತುಂಬಿದ ಸಭೆಯಲ್ಲಿ ಉತ್ತರಿಸಲಿ. ಸಹಿ ಯಾಕೆ ಹಾಕಿದೆ ಎಂದು ನನ್ನನ್ನೂ ಅಲ್ಲೇ ನಿಲ್ಲಿಸಿ ಕೇಳಲಿ.